ಮೇದೋಜೀರಕದಲ್ಲಿ ‘ದ್ವೀಪ’ ಕಂಡ ಪೌಲ್ ಲ್ಯಾಂಗರ್‌ಹಾನ್ಸ್

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಿಂದ ಬೆಂಗಳೂರಿನವರೆಗೆ ಸಕ್ಕರೆ ಕಾಯಿಲೆಯ ಮಾತು ಇಂದು ಹೊಸದಲ್ಲ. ವೈದ್ಯಗ್ರಂಥಗಳಲ್ಲಿ ಹೆಸರೊಂದು ಅಚ್ಚಾಗಿ ಉಳಿಯುವ ಬಗೆಯೂ ಆ ಸೀಮೆಗೆ ಅಪರಿಚಿತವಲ್ಲ. 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದಂದಿನಿಂದ ಅದೇ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯರ ನಾಲಗೆಯ ಮೇಲಿದೆ. ಮಧುಮೇಹದ ಪಾಠದಲ್ಲಿ ಹಾಗೆ ಉಳಿದ ಹೆಸರು ಜರ್ಮನಿಯ ಪೌಲ್ ಲ್ಯಾಂಗರ್‌ಹಾನ್ಸ್ ಅವರದು. ತಾವು ಕಂಡದ್ದು ಏನೆಂಬುದು ಜಗತ್ತಿಗೆ ತಿಳಿಯುವ ಮೊದಲೇ, 41 ವರ್ಷ ತುಂಬಲು ಐದು ದಿನಗಳಿರುವಾಗ ಅವರು ತೀರಿಕೊಂಡರು.

1847ರ ಜುಲೈ 25ರಂದು ಬರ್ಲಿನ್‌ನ ವೈದ್ಯ ಕುಟುಂಬದಲ್ಲಿ ಅವರ ಜನನ. ಯೇನಾದಲ್ಲಿ ವೈದ್ಯಕೀಯ ಓದು ಆರಂಭಿಸಿ ಬರ್ಲಿನ್‌ಗೆ ಮರಳಿದಾಗ, ಜೀವಕೋಶ ಆಧಾರಿತ ರೋಗಶಾಸ್ತ್ರದ ಪಿತಾಮಹ ರುಡಾಲ್ಫ್ ವಿರ್ಕೋ ಅವರ ಪ್ರಯೋಗಾಲಯದ ಬಾಗಿಲು ತೆರೆಯಿತು. ಅಲ್ಲಿ ಸೂಕ್ಷ್ಮದರ್ಶಕವೇ ಅವರ ಸಂಗಾತಿಯಾಯಿತು.

ಮೇದೋಜೀರಕ ಗ್ರಂಥಿ ಕರುಳಿಗೆ ಜೀರ್ಣರಸ ಸುರಿಸುತ್ತದೆ ಎಂಬುದಷ್ಟೇ ಆಗ ತಿಳಿದಿದ್ದ ಸಂಗತಿ. ಲ್ಯಾಂಗರ್‌ಹಾನ್ಸ್ ಮೊಲದ ಗ್ರಂಥಿಯನ್ನು ದ್ರಾವಣದಲ್ಲಿ ನೆನೆಸಿ, ಬಿಡಿಬಿಡಿಯಾದ ಕೋಶಗಳನ್ನು ತಾಳ್ಮೆಯಿಂದ ಪರೀಕ್ಷಿಸಿದರು. ಒಂಬತ್ತು ಬಗೆಯ ಕೋಶಗಳನ್ನು ವಿಂಗಡಿಸಿದರು. ಅವುಗಳ ಪೈಕಿ ಒಂದು ಬಗೆ ಉಳಿದವುಗಳಂತಿರಲಿಲ್ಲ. ತಿಳಿಯಾದ ಒಳದ್ರವ್ಯದ ಆ ಪುಟ್ಟ ಕೋಶಗಳು 0.12ರಿಂದ 0.24 ಮಿಲಿಮೀಟರ್ ಅಗಲದ ಗುಂಪುಗಳಾಗಿ ಗ್ರಂಥಿಯ ತುಂಬ ಅಲ್ಲಲ್ಲಿ ಚದುರಿದ್ದವು. 1869ರ ಫೆಬ್ರವರಿಯಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರು ಈ ಗುಂಪುಗಳನ್ನು ವರ್ಣಿಸಿದರು. ಆಗ ಅವರ ವಯಸ್ಸು ಕೇವಲ 21. ಅವುಗಳ ಕೆಲಸವೇನು ಎಂಬ ಪ್ರಶ್ನೆಗೆ ಮಾತ್ರ ತಮ್ಮಲ್ಲಿ ಉತ್ತರವಿಲ್ಲವೆಂದು ಒಪ್ಪಿಕೊಂಡರು. ಪದವಿಯ ಹೊಸ್ತಿಲಲ್ಲಿರುವ ವಿದ್ಯಾರ್ಥಿಗೆ ಹೀಗೆ ಬರೆಯುವುದು ಸುಲಭವಲ್ಲ.

ಉತ್ತರ ಸಿಗದಿರಲು ಕಾರಣವಿತ್ತು. ಗ್ರಂಥಿಯೆಂದರೆ ರಸ ಹರಿಸಲು ನಾಳ ಇರಲೇಬೇಕೆಂಬುದು ಅಂದಿನ ಸಾಮಾನ್ಯ ತಿಳಿವಳಿಕೆ. ಆದರೆ ಈ ಗುಂಪುಗಳಿಗೆ ನಾಳವೇ ಇಲ್ಲ. ಅವುಗಳ ನಡುವೆ ಲೋಮನಾಳಗಳು ಬಲೆಯಂತೆ ಹೆಣೆದುಕೊಂಡಿದ್ದು, ಕೋಶಗಳು ತಮ್ಮ ಸ್ರಾವವನ್ನು ನೇರವಾಗಿ ರಕ್ತಕ್ಕೇ ಬಿಡುತ್ತವೆ. ನಿರ್ನಾಳ ಗ್ರಂಥಿಯ ಲಕ್ಷಣವೇ ಇದು. ಮನುಷ್ಯನ ಮೇದೋಜೀರಕದಲ್ಲಿ ಇಂಥ ಸುಮಾರು 10 ಲಕ್ಷ ಗುಂಪುಗಳಿದ್ದರೂ ಅವೆಲ್ಲ ಸೇರಿ ಗ್ರಂಥಿಯ ಶೇ 1ರಿಂದ 2ರಷ್ಟು ಮಾತ್ರ. ಇವುಗಳೊಳಗಿನ ಬೀಟಾ ಕೋಶಗಳು ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಸ್ರವಿಸಿದರೆ, ಆಲ್ಫಾ ಕೋಶಗಳು ಅದನ್ನು ಏರಿಸುವ ಗ್ಲುಕಗಾನ್ ಸ್ರವಿಸುತ್ತವೆ. ಡೆಲ್ಟಾ ಕೋಶಗಳ ಸೊಮ್ಯಾಟೊಸ್ಟ್ಯಾಟಿನ್ ಇವೆರಡಕ್ಕೂ ಕಡಿವಾಣ. ಈ ಭೇದಗಳು ಬಣ್ಣಗೂಡಿಸುವ ವಿಧಾನಗಳು ಸುಧಾರಿಸಿದ ನಂತರವೇ, ಇಪ್ಪತ್ತನೆಯ ಶತಮಾನದಲ್ಲಿ ಸ್ಪಷ್ಟವಾದವು.

ಪ್ರಬಂಧದ ಬಳಿಕ ಈಜಿಪ್ಟ್, ಸಿರಿಯಾ, ಪ್ಯಾಲೆಸ್ಟೀನ್ ಪ್ರವಾಸ. ಹಿಂದೆಯೇ ಫ್ರಾನ್ಸ್ ವಿರುದ್ಧದ ಯುದ್ಧದಲ್ಲಿ ಸೇನಾ ವೈದ್ಯಸೇವೆ. ಅನಂತರ ಫ್ರೈಬುರ್ಗ್ ವಿಶ್ವವಿದ್ಯಾಲಯ ಸೇರಿ ಪ್ರಾಧ್ಯಾಪಕರಾದರು. ಭವಿಷ್ಯ ಭದ್ರವಾಯಿತು ಎನ್ನುವಾಗಲೇ, 1874ರಲ್ಲಿ ಕ್ಷಯ ಅಂಟಿತು. ಆಗ ಅವರಿಗೆ 27 ವರ್ಷ. ಕ್ಷಯಕ್ಕೆ ಔಷಧಿಯಿರದ ಕಾಲವದು. ಬೆಚ್ಚನೆಯ ಹವೆ ಹುಡುಕಿಕೊಂಡು ಊರೂರು ಅಲೆಯುವುದೇ ಚಿಕಿತ್ಸೆ. ನೇಪಲ್ಸ್, ಕ್ಯಾಪ್ರಿ ಕಂಡರೂ ಗುಣವಾಗದೆ, 1875ರಲ್ಲಿ ಅಟ್ಲಾಂಟಿಕ್ ಸಾಗರದ ಮದೈರಾ ದ್ವೀಪದ ಫುಂಚಲ್ ನಗರಕ್ಕೆ ಹೋದರು. ಅಂಗಾಂಶದಲ್ಲಿ ದ್ವೀಪಗಳನ್ನು ಗುರುತಿಸಿದವರ ಬದುಕು ನಿಜವಾದ ದ್ವೀಪವೊಂದರಲ್ಲಿ ತಂಗಿದ್ದು ಕಾಕತಾಳೀಯ.

ಪ್ರಾಧ್ಯಾಪಕ ವೃತ್ತಿ ಮುಗಿದಿತ್ತು, ಕುತೂಹಲ ಮುಗಿದಿರಲಿಲ್ಲ. ಸ್ವಲ್ಪ ಚೇತರಿಸಿಕೊಂಡ ಲ್ಯಾಂಗರ್‌ಹಾನ್ಸ್ ಫುಂಚಲ್‌ನಲ್ಲಿ ವೈದ್ಯವೃತ್ತಿ ಆರಂಭಿಸಿ, ತಮ್ಮಂತೆಯೇ ಕ್ಷಯಪೀಡಿತರಾದವರಿಗೆ ಚಿಕಿತ್ಸೆ ನೀಡಿದರು. ಬಿಡುವಿನಲ್ಲಿ ಕಡಲ ಹುಳುಗಳನ್ನು ಅಭ್ಯಸಿಸಿದರು. ಅವುಗಳ ಒಂದು ಕುಲಕ್ಕೆ ಗುರುವಿನ ನೆನಪಿಗಾಗಿ ವಿರ್ಕೋವಿಯಾ ಎಂದು ಹೆಸರಿಟ್ಟರು. 1885ರಲ್ಲಿ ವಿವಾಹವಾದರು. ಪ್ರವಾಸಿಗರಿಗಾಗಿ ಮದೈರಾ ಕುರಿತ ಕೈಪಿಡಿಯೊಂದೂ ಅದೇ ವರ್ಷ ಹೊರಬಂತು. ಕೊನೆಗೆ ಮೂತ್ರಪಿಂಡಗಳು ಸೋತವು. 1888ರ ಜುಲೈ 20ರಂದು ಫುಂಚಲ್‌ನಲ್ಲಿ ನಿಧನರಾದ ಅವರನ್ನು ಅಲ್ಲಿನ ಬ್ರಿಟಿಷ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು.

ಮರುವರ್ಷವೇ, ಅಂದರೆ 1889ರಲ್ಲಿ, ಸ್ಟ್ರಾಸ್‌ಬುರ್ಗ್‌ನಲ್ಲಿ ಮೇರಿಂಗ್ ಮತ್ತು ಮಿಂಕೋವ್‌ಸ್ಕಿ ನಾಯಿಯೊಂದರ ಮೇದೋಜೀರಕ ತೆಗೆದಾಗ ಅದಕ್ಕೆ ಮಧುಮೇಹ ಬಂತು. 1893ರಲ್ಲಿ ಫ್ರಾನ್ಸಿನ ಗುಸ್ತಾವ್ ಲಗೆಸ್ ಆ ಕೋಶಗುಂಪುಗಳಿಗೆ ಲ್ಯಾಂಗರ್‌ಹಾನ್ಸ್ ಕಿರುದ್ವೀಪಗಳೆಂದು ಹೆಸರಿಟ್ಟು, ಅವು ರಕ್ತಕ್ಕೆ ಏನನ್ನೋ ಸ್ರವಿಸುತ್ತಿರಬೇಕೆಂದು ಊಹಿಸಿದರು. ಕಿರುದ್ವೀಪಗಳ ಹಾನಿಗೂ ಮಧುಮೇಹಕ್ಕೂ ಇರುವ ನಂಟನ್ನು 1901ರಲ್ಲಿ ಅಮೆರಿಕದ ಯೂಜೀನ್ ಓಪಿ ತೋರಿಸಿದರು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದು ಸಾವಿನಂಚಿನಲ್ಲಿದ್ದ 14 ವರ್ಷದ ಬಾಲಕನನ್ನು ಬದುಕಿಸಿತು. ಆ ಹಾರ್ಮೋನಿನ ಹೆಸರಲ್ಲೂ ದ್ವೀಪವಿದೆ: ಲ್ಯಾಟಿನ್ ಭಾಷೆಯಲ್ಲಿ ಇನ್ಸುಲಾ ಎಂದರೆ ದ್ವೀಪ.

ಲ್ಯಾಂಗರ್‌ಹಾನ್ಸ್ ಹೆಸರು ಚರ್ಮಶಾಸ್ತ್ರದಲ್ಲೂ ಇದೆ. 1868ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಚರ್ಮಕ್ಕೆ ಗೋಲ್ಡ್ ಕ್ಲೋರೈಡ್ ಲೇಪಿಸಿ ಕವಲೊಡೆದ ಕೋಶಗಳನ್ನು ಕಂಡಿದ್ದರು. ಅವು ನರಕೋಶಗಳೆಂದು ಅವರು ಭಾವಿಸಿದ್ದರು. ಅವು ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರೆಂದು ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.