ಒಟ್ಟೊ ಬಿನ್ಸ್‌ವಾಂಗರ್

ಒಟ್ಟೊ ಲುಡ್ವಿಗ್ ಬಿನ್ಸ್‌ವಾಂಗರ್ (ಅಕ್ಟೋಬರ್ 14, 1852 – ಜುಲೈ 15, 1929) ಸ್ವಿಟ್ಜರ್ಲೆಂಡ್ ಮೂಲದ ಮನೋವೈದ್ಯ ಹಾಗೂ ನರರೋಗತಜ್ಞ. ಮಿದುಳಿನ ಸಣ್ಣ ರಕ್ತನಾಳಗಳು ಗಡುಸಾದಾಗ ಅವುಗಳಿಂದ ಪೋಷಣೆ ಪಡೆಯುವ ಶ್ವೇತದ್ರವ್ಯ ನಶಿಸಿ, ಬುದ್ಧಿಶಕ್ತಿ ಕ್ರಮೇಣ ಕುಗ್ಗುವ ಸ್ಥಿತಿಯನ್ನು 1894ರಲ್ಲಿ ಇವರು ಪ್ರತ್ಯೇಕ ರೋಗವೆಂದು ವಿವರಿಸಿದರು. ಮುಂದೆ ಇದಕ್ಕೆ ಬಿನ್ಸ್‌ವಾಂಗರ್ ರೋಗ ಎಂಬ ಹೆಸರು ಬಂದಿತು. ಜರ್ಮನಿಯ ಯೇನಾ ವಿಶ್ವವಿದ್ಯಾಲಯದಲ್ಲಿ ಇವರು ಸುಮಾರು 37 ವರ್ಷ ಸೇವೆ ಸಲ್ಲಿಸಿದರು. ತತ್ತ್ವಜ್ಞಾನಿ ಫ್ರೆಡ್ರಿಕ್ ನೀತ್ಸೆಗೆ ಚಿಕಿತ್ಸೆ ನೀಡಿದ ವೈದ್ಯರಲ್ಲಿ ಇವರೂ ಒಬ್ಬರು.

ಜನನ ಮತ್ತು ಕುಟುಂಬ

ಬಿನ್ಸ್‌ವಾಂಗರ್ ಅವರು ಸ್ವಿಟ್ಜರ್ಲೆಂಡಿನ ತುರ್ಗಾವ್ ಪ್ರಾಂತ್ಯದ ಮ್ಯೂನ್‌ಸ್ಟರ್‌ಲಿಂಗೆನ್‌ನಲ್ಲಿ ಜನಿಸಿದರು. ತಂದೆ ಲುಡ್ವಿಗ್ ಬಿನ್ಸ್‌ವಾಂಗರ್ ಅವರೂ ಮನೋವೈದ್ಯರು. ಅವರು 1857ರಲ್ಲಿ ಕ್ರೊಯ್ಟ್ಸ್‌ಲಿಂಗೆನ್ ಪಟ್ಟಣದಲ್ಲಿ ಬೆಲ್ವ್ಯೂ ಎಂಬ ಮಾನಸಿಕ ಚಿಕಿತ್ಸಾಲಯವನ್ನು ಸ್ಥಾಪಿಸಿದರು. ಸಹೋದರ ರಾಬರ್ಟ್ ಬಿನ್ಸ್‌ವಾಂಗರ್ ಆ ಸಂಸ್ಥೆಯನ್ನು ಮುನ್ನಡೆಸಿದರು. ರಾಬರ್ಟರ ಮಗ, ತಾತನ ಹೆಸರನ್ನೇ ಹೊತ್ತ ಲುಡ್ವಿಗ್ ಬಿನ್ಸ್‌ವಾಂಗರ್ (1881–1966), ಅಸ್ತಿತ್ವವಾದಿ ಮನೋಚಿಕಿತ್ಸೆಯ ಪ್ರವರ್ತಕರಲ್ಲಿ ಒಬ್ಬರೆಂದು ಪ್ರಸಿದ್ಧರು.

ಶಿಕ್ಷಣ ಮತ್ತು ಆರಂಭಿಕ ವೃತ್ತಿ

ಹೈಡೆಲ್‌ಬರ್ಗ್, ಸ್ಟ್ರಾಸ್‌ಬರ್ಗ್ ಮತ್ತು ಜ್ಯೂರಿಕ್ ನಗರಗಳಲ್ಲಿ ವೈದ್ಯಶಾಸ್ತ್ರವನ್ನು ಅಧ್ಯಯನ ಮಾಡಿದ ಬಿನ್ಸ್‌ವಾಂಗರ್, 1877ರಲ್ಲಿ ಗಟಿಂಗೆನ್‌ನ ಮನೋರೋಗ ಚಿಕಿತ್ಸಾಲಯದಲ್ಲಿ ಲುಡ್ವಿಗ್ ಮೇಯರ್ ಅವರಿಗೆ ಸಹಾಯಕರಾದರು. ಅನಂತರ ಬ್ರೆಸ್ಲಾವ್ ವಿಶ್ವವಿದ್ಯಾಲಯದ ರೋಗವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1880ರಿಂದ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿ ಕಾರ್ಲ್ ವೆಸ್ಟ್‌ಫಾಲ್ ಅವರ ಕೈಕೆಳಗೆ ಹಿರಿಯ ವೈದ್ಯರಾಗಿದ್ದರು. ಜೀವಂತ ರೋಗಿಯ ಲಕ್ಷಣಗಳನ್ನೂ ಮರಣಾನಂತರ ಮಿದುಳಿನಲ್ಲಿ ಕಾಣುವ ಬದಲಾವಣೆಗಳನ್ನೂ ಜೋಡಿಸಿ ನೋಡುವ ಪದ್ಧತಿ ಅಂದಿನ ಜರ್ಮನ್ ವೈದ್ಯಶಾಸ್ತ್ರದಲ್ಲಿ ಬೇರೂರಿತ್ತು. ಅವರ ಮುಂದಿನ ಸಂಶೋಧನೆಯೂ ಇದೇ ದಾರಿಯಲ್ಲಿ ಸಾಗಿತು.

ಯೇನಾದಲ್ಲಿ

1882ರಲ್ಲಿ ಬಿನ್ಸ್‌ವಾಂಗರ್ ಯೇನಾದ ಮಾನಸಿಕ ಆಸ್ಪತ್ರೆಯ ನಿರ್ದೇಶಕರಾಗಿ ನೇಮಕಗೊಂಡರು. 1891ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಮನೋವೈದ್ಯಶಾಸ್ತ್ರದ ಪೂರ್ಣ ಪ್ರಾಧ್ಯಾಪಕರಾದರು. 1911ರಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥ ಸ್ಥಾನಕ್ಕೆ ಆಯ್ಕೆಯಾದರು. ನರದೌರ್ಬಲ್ಯ (1896), ಅಪಸ್ಮಾರ (1899) ಮತ್ತು ಹಿಸ್ಟೀರಿಯಾ (1904) ಕುರಿತ ಗ್ರಂಥಗಳು ಅವರ ಮುಖ್ಯ ಕೃತಿಗಳು. ಅರ್ನ್ಸ್ಟ್ ಸೀಮರ್‌ಲಿಂಗ್ ಅವರೊಡನೆ ಸಂಪಾದಿಸಿದ ಮನೋವೈದ್ಯಶಾಸ್ತ್ರದ ಪಠ್ಯಪುಸ್ತಕವೂ ಹೆಸರು ಪಡೆದಿತ್ತು.

ಅವರ ಆಸ್ಪತ್ರೆ ಹಲವು ನರವಿಜ್ಞಾನಿಗಳಿಗೆ ತರಬೇತಿಯ ತಾಣವಾಯಿತು. ಥಿಯೊಡೋರ್ ಸೀಹೆನ್, ಆಸ್ಕರ್ ಫೋಗ್ಟ್, ಮಿದುಳಿನ ತೊಗಟೆಯ ನಕ್ಷೆ ರಚಿಸಿದ ಕೊರ್ಬಿನಿಯನ್ ಬ್ರಾಡ್‌ಮನ್ ಮೊದಲಾದವರು ಅಲ್ಲಿ ಕೆಲಸ ಮಾಡಿದ್ದರು. ಮನುಷ್ಯನ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಮೊದಲ ಬಾರಿಗೆ ದಾಖಲಿಸಿದ ಹಾನ್ಸ್ ಬರ್ಗರ್ ಅವರು ಬಿನ್ಸ್‌ವಾಂಗರ್ ಅವರ ಸಹಾಯಕರಾಗಿದ್ದು, 1919ರಲ್ಲಿ ಅವರ ಉತ್ತರಾಧಿಕಾರಿಯಾದರು.

ನೀತ್ಸೆಯ ಚಿಕಿತ್ಸೆ

1889ರ ಜನವರಿಯಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಫ್ರೆಡ್ರಿಕ್ ನೀತ್ಸೆಯ ಮಾನಸಿಕ ಸ್ಥಿತಿ ಕುಸಿಯಿತು. ಬಾಸೆಲ್‌ನಲ್ಲಿ ಕೆಲದಿನಗಳ ಚಿಕಿತ್ಸೆಯ ನಂತರ ಅವರನ್ನು ಯೇನಾಕ್ಕೆ ಕರೆತಂದು ಬಿನ್ಸ್‌ವಾಂಗರ್ ಅವರ ಆಸ್ಪತ್ರೆಗೆ ಸೇರಿಸಲಾಯಿತು. 1890ರ ಮಾರ್ಚ್‌ವರೆಗೆ ಅವರು ಅಲ್ಲಿದ್ದರು. ಆಮೇಲೆ ತಾಯಿ ಅವರ ಆರೈಕೆಯ ಹೊಣೆ ಹೊತ್ತರು. ಬಾಸೆಲ್‌ನ ವೈದ್ಯರಂತೆ ಯೇನಾದ ವೈದ್ಯರೂ ಇದನ್ನು ಪ್ರಗತಿಶೀಲ ಪಾರ್ಶ್ವವಾಯು ಎಂದು ನಿರ್ಣಯಿಸಿದರು. ಇದು ಸಿಫಿಲಿಸ್ ಸೋಂಕು ಮಿದುಳನ್ನು ಆವರಿಸಿದಾಗ ಉಂಟಾಗುವ ರೋಗ. ಆದರೆ ಸಿಫಿಲಿಸ್‌ಗೆ ರಕ್ತಪರೀಕ್ಷೆ ಬಂದದ್ದು 1906ರಲ್ಲಿ; ಇಂಥ ರೋಗಿಗಳ ಮಿದುಳಿನಲ್ಲಿ ರೋಗಾಣು ಕಂಡುಬಂದದ್ದು 1913ರಲ್ಲಿ. ಅಲ್ಲಿಯವರೆಗೆ ಲಕ್ಷಣಗಳೇ ವೈದ್ಯರಿಗೆ ಆಧಾರವಾಗಿದ್ದವು.

1894ರ ಲೇಖನ

ಆ ಕಾಲದ ಮಾನಸಿಕ ಆಸ್ಪತ್ರೆಗಳಲ್ಲಿ ಮಧ್ಯವಯಸ್ಸಿನ ಬಳಿಕ ಬುದ್ಧಿ ಕುಂದಿದ ರೋಗಿಗಳಲ್ಲಿ ಬಹಳ ಮಂದಿಗೆ ಪ್ರಗತಿಶೀಲ ಪಾರ್ಶ್ವವಾಯು ಎಂಬ ಹೆಸರೇ ಸಲ್ಲುತ್ತಿತ್ತು. ಬೇರೆ ಬೇರೆ ಕಾರಣಗಳ ರೋಗಗಳು ಈ ಒಂದೇ ಹೆಸರಿನಡಿ ಬೆರೆತಿವೆ ಎಂಬುದನ್ನು ಬಿನ್ಸ್‌ವಾಂಗರ್ ಮನಗಂಡರು. ಬರ್ಲಿನ್‌ನ ವೈದ್ಯಕೀಯ ವಾರಪತ್ರಿಕೆಯೊಂದರಲ್ಲಿ 1894ರಲ್ಲಿ ಮೂರು ಕಂತುಗಳಲ್ಲಿ ಪ್ರಕಟವಾದ ಅವರ ಲೇಖನದ ಉದ್ದೇಶವೇ ಈ ರೋಗದ ಎಲ್ಲೆಯನ್ನು ಗುರುತಿಸುವುದಾಗಿತ್ತು. ಅದರಲ್ಲಿ ಎಂಟು ರೋಗಿಗಳ ಪ್ರಸ್ತಾಪವಿದೆ. ಅವರ ಮಿದುಳಿನ ತೊಗಟೆ ಬಹುಮಟ್ಟಿಗೆ ಉಳಿದುಕೊಂಡಿದ್ದು, ಅದರ ಕೆಳಗಿನ ಶ್ವೇತದ್ರವ್ಯ ಕ್ಷಯಿಸಿತ್ತು. ಮಿದುಳಿನೊಳಗಿನ ಕುಹರಗಳು ಹಿಗ್ಗಿದ್ದವು. ಧಮನಿಗಳು ಗಡುಸಾಗಿ ರಕ್ತಪೂರೈಕೆ ಕಡಿಮೆಯಾದುದೇ ಇದಕ್ಕೆ ಕಾರಣವೆಂದು ಅವರು ವಾದಿಸಿದರು.

ಈ ಲೇಖನಕ್ಕೆ ಕೊರತೆಗಳೂ ಇದ್ದವು. ಸೂಕ್ಷ್ಮದರ್ಶಕದ ಪರೀಕ್ಷೆಯ ವಿವರಗಳನ್ನು ಅವರು ನೀಡಲಿಲ್ಲ. ಆದ್ದರಿಂದ ಆ ರೋಗಿಗಳಲ್ಲಿ ಕೆಲವರಿಗೆ ಸಿಫಿಲಿಸ್ ಇದ್ದಿರಬಹುದೆಂಬ ಸಂಶಯವನ್ನು ನಂತರದ ವಿಮರ್ಶಕರು ವ್ಯಕ್ತಪಡಿಸಿದರು. ಸೂಕ್ಷ್ಮ ಬದಲಾವಣೆಗಳನ್ನು ವಿವರಿಸಿ ಈ ರೋಗಕ್ಕೆ 1902ರಲ್ಲಿ ಬಿನ್ಸ್‌ವಾಂಗರ್ ಅವರ ಹೆಸರನ್ನು ಇಟ್ಟವರು ಅಲೋಯಿಸ್ ಅಲ್ಜೈಮರ್. ಮುಂದೆ ಅಲ್ಜೈಮರ್ ಹೆಸರೂ ಮತ್ತೊಂದು ಬಗೆಯ ಮರೆಗುಳಿತನಕ್ಕೆ ಸಂದಿತು.

ಕೊನೆಯ ದಿನಗಳು

1919ರಲ್ಲಿ ನಿವೃತ್ತರಾದ ಬಿನ್ಸ್‌ವಾಂಗರ್ ಸ್ವಿಟ್ಜರ್ಲೆಂಡಿಗೆ ಮರಳಿದರು. ತಂದೆಯ ಚಿಕಿತ್ಸಾಲಯವಿದ್ದ ಕ್ರೊಯ್ಟ್ಸ್‌ಲಿಂಗೆನ್‌ನಲ್ಲಿ 1929ರ ಜುಲೈ 15ರಂದು, ತಮ್ಮ 76ನೆಯ ವಯಸ್ಸಿನಲ್ಲಿ ನಿಧನರಾದರು. ಹಾನ್ಸ್ ಬರ್ಗರ್ ಮಿದುಳಿನ ವಿದ್ಯುತ್ ಅಲೆಗಳ ಕುರಿತ ಮೊದಲ ವರದಿಯನ್ನು ಪ್ರಕಟಿಸಿದ್ದು ಇದೇ ವರ್ಷದಲ್ಲಿ.

ಬಿನ್ಸ್‌ವಾಂಗರ್ ರೋಗದ ಸ್ವರೂಪ

ಮಿದುಳಿನ ಒಂದು ಭಾಗವನ್ನು ಮತ್ತೊಂದಕ್ಕೆ ಜೋಡಿಸುವ ನರತಂತುಗಳ ಸಮೂಹವೇ ಶ್ವೇತದ್ರವ್ಯ. ತಂತುಗಳನ್ನು ಸುತ್ತಿರುವ ಮಯಲಿನ್ ಎಂಬ ಕೊಬ್ಬಿನಂಶದ ಕವಚದಿಂದ ಅದಕ್ಕೆ ಬಿಳಿ ಬಣ್ಣ ಬಂದಿದೆ. ಮಿದುಳಿನ ಮೇಲ್ಮೈಯಿಂದ ಆಳಕ್ಕಿಳಿಯುವ ಉದ್ದವಾದ ಕಿರುಧಮನಿಗಳು ಇದಕ್ಕೆ ರಕ್ತ ಒದಗಿಸುತ್ತವೆ. ಒಂದು ಕಿರುಧಮನಿ ಕಟ್ಟಿಕೊಂಡರೆ ಅದರ ಕೆಲಸವನ್ನು ವಹಿಸಿಕೊಳ್ಳುವ ಪರ್ಯಾಯ ನಾಳಗಳು ಅಲ್ಲಿ ಬಹಳ ಕಡಿಮೆ. ದೀರ್ಘಕಾಲದ ಅಧಿಕ ರಕ್ತದೊತ್ತಡ, ಮಧುಮೇಹ, ಧೂಮಪಾನ ಮತ್ತು ಮುಪ್ಪಿನಿಂದ ಈ ನಾಳಗಳ ಗೋಡೆ ದಪ್ಪಗಾಗಿ ರಕ್ತದ ಹರಿವು ತಗ್ಗುತ್ತದೆ. ನಾಳಗೋಡೆಯಿಂದ ದ್ರವ ಸೋರುವುದೂ ಉಂಟು. ಇದರಿಂದ ಮಯಲಿನ್ ನಶಿಸಿ, ಮಿದುಳಿನ ಭಾಗಗಳ ನಡುವಣ ಸಂಪರ್ಕ ದುರ್ಬಲವಾಗುತ್ತದೆ.

ಹೀಗಾಗಿ ಈ ರೋಗದಲ್ಲಿ ಮರೆವಿಗಿಂತ ಮೊದಲು ಯೋಚನೆಯ ವೇಗ ತಗ್ಗುವುದು ಸಾಮಾನ್ಯ. ಕೆಲಸಗಳನ್ನು ಯೋಜಿಸಲು ಕಷ್ಟವಾಗುವುದು, ಉತ್ಸಾಹ ಕುಂದುವುದು, ಹೆಜ್ಜೆಗಳು ಚಿಕ್ಕದಾಗಿ ನಡಿಗೆ ತಡವರಿಸುವುದು, ಮೂತ್ರವನ್ನು ತಡೆಹಿಡಿಯಲಾಗದಿರುವುದು ಇತರ ಲಕ್ಷಣಗಳು.

1970ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್, ಅನಂತರ ಎಂ.ಆರ್.ಐ. ಬಂದ ಮೇಲೆ ಜೀವಂತ ರೋಗಿಯಲ್ಲಿಯೇ ಈ ಹಾನಿಯನ್ನು ಕಾಣುವುದು ಸಾಧ್ಯವಾಯಿತು. 1987ರಲ್ಲಿ ವ್ಲಾಡಿಮಿರ್ ಹಚಿನ್ಸ್‌ಕಿ ಮತ್ತು ಸಂಗಡಿಗರು ಇಂಥ ಚಿತ್ರಗಳಲ್ಲಿ ಕಾಣುವ ಶ್ವೇತದ್ರವ್ಯದ ಬದಲಾವಣೆಗೆ ಲ್ಯೂಕೋಅರೈಯೋಸಿಸ್ ಎಂಬ ಹೆಸರನ್ನು ಸೂಚಿಸಿದರು. ಈಗ ವೈದ್ಯರು ಬಿನ್ಸ್‌ವಾಂಗರ್ ರೋಗವನ್ನು ಸಣ್ಣ ರಕ್ತನಾಳಗಳ ರೋಗ ಎಂಬ ವಿಶಾಲ ಗುಂಪಿನ ತೀವ್ರ ರೂಪವಾಗಿ ಪರಿಗಣಿಸುತ್ತಾರೆ.

ನಶಿಸಿದ ಶ್ವೇತದ್ರವ್ಯವನ್ನು ಮರಳಿ ಬೆಳೆಸುವ ಔಷಧ ಇಲ್ಲ. ಹಾನಿಯ ವೇಗವನ್ನು ತಗ್ಗಿಸುವುದೇ ಚಿಕಿತ್ಸೆಯ ಗುರಿ. ಅಮೆರಿಕದ ಸ್ಪ್ರಿಂಟ್ ಅಧ್ಯಯನದ 2019ರ ವರದಿಗಳ ಪ್ರಕಾರ, ಮೇಲಿನ ರಕ್ತದೊತ್ತಡವನ್ನು 140ರ ಬದಲು 120ಕ್ಕಿಂತ ಕೆಳಗಿಡುವ ಗುರಿಯಿಂದ ಚಿಕಿತ್ಸೆ ಪಡೆದವರಲ್ಲಿ ಶ್ವೇತದ್ರವ್ಯದ ಹಾನಿ ನಿಧಾನವಾಗಿ ಹೆಚ್ಚಿತು. ಅವರಲ್ಲಿ ಲಘು ಬುದ್ಧಿಕ್ಷೀಣತೆಯ ಪ್ರಮಾಣವೂ ಕಡಿಮೆಯಿತ್ತು.

ನೀತ್ಸೆಯ ರೋಗದ ಮರುಚರ್ಚೆ

ನೀತ್ಸೆ 1900ರಲ್ಲಿ ನಿಧನರಾದಾಗ ಶವಪರೀಕ್ಷೆ ನಡೆಯಲಿಲ್ಲ. ಹೀಗಾಗಿ ಯೇನಾದ ರೋಗನಿರ್ಣಯ ಇಂದಿಗೂ ಚರ್ಚೆಯಲ್ಲಿದೆ. ಸಿಫಿಲಿಸ್ ಇದ್ದವರು ಬದುಕುವುದಕ್ಕಿಂತ ಹೆಚ್ಚು ಕಾಲ ಅವರು ಬದುಕಿದ್ದರೆಂದೂ, ಕೊನೆಯ ವರ್ಷಗಳಲ್ಲಿ ಮತ್ತೆ ಮತ್ತೆ ಪಾರ್ಶ್ವವಾಯುವಿಗೆ ಒಳಗಾಗಿದ್ದರೆಂದೂ, ಅವರ ತಂದೆಯೂ ಚಿಕ್ಕ ವಯಸ್ಸಿನಲ್ಲೇ ಮಿದುಳಿನ ಕಾಯಿಲೆಯಿಂದ ತೀರಿಕೊಂಡರೆಂದೂ ವಿಮರ್ಶಕರು ಗಮನ ಸೆಳೆದಿದ್ದಾರೆ. ಅವರಿಗಿದ್ದುದು ಕ್ಯಾಡಸಿಲ್ ಆಗಿರಬಹುದೆಂದು 2008ರಲ್ಲಿ ಬೆಲ್ಜಿಯಂನ ವೈದ್ಯರು ಸೂಚಿಸಿದರು. ನಾಚ್–3 ಜೀನಿನ ದೋಷದಿಂದ ವಂಶಪಾರಂಪರ್ಯವಾಗಿ ಬರುವ ಇದೂ ಸಣ್ಣ ರಕ್ತನಾಳಗಳ ರೋಗವೇ. ಈ ಊಹೆ ಸಾಬೀತಾಗಿಲ್ಲ. ಆದರೆ ಸಿಫಿಲಿಸ್‌ನ ಹಾನಿಯಿಂದ ರಕ್ತನಾಳಗಳ ಹಾನಿಯನ್ನು ಬೇರ್ಪಡಿಸುವ ಪ್ರಶ್ನೆಯನ್ನೇ 1894ರಲ್ಲಿ ಬಿನ್ಸ್‌ವಾಂಗರ್ ಎತ್ತಿದ್ದರು. ಅವರ ಅತ್ಯಂತ ಪ್ರಸಿದ್ಧ ರೋಗಿಯ ವಿಷಯದಲ್ಲಿ ಆ ಪ್ರಶ್ನೆ ಇನ್ನೂ ತೆರೆದೇ ಇದೆ.

ಕರ್ನಾಟಕದಲ್ಲಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಕರಾವಳಿಯಿಂದ ಹಿಡಿದು ಕನ್ನಡ ನಾಡಿನ ಒಳಭಾಗದವರೆಗೆ ಹಿರಿಯರ ಬುದ್ಧಿಮಂಕನ್ನು ಅರಳುಮರಳು ಎಂದು ಕರೆದು, ಮುಪ್ಪಿನ ಸಹಜ ಸ್ಥಿತಿಯೆಂದು ಸುಮ್ಮನಿರುವ ವಾಡಿಕೆ ಇದೆ. ಆ ಒಂದು ಮಾತಿನ ಹಿಂದೆ ಹಲವು ರೋಗಗಳು ಇರಬಹುದು. ಅವುಗಳಲ್ಲಿ ಸಣ್ಣ ರಕ್ತನಾಳಗಳ ರೋಗದ ಮುಖ್ಯ ಕಾರಣವಾದ ರಕ್ತದೊತ್ತಡವನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಅಳೆಯಬಹುದು. ಉಡುಪಿ ಜಿಲ್ಲೆಯ ಮಣಿಪಾಲದಲ್ಲಿ 1953ರಲ್ಲಿ ಆರಂಭವಾದ ಕಸ್ತೂರಬಾ ವೈದ್ಯಕೀಯ ಕಾಲೇಜು ಮತ್ತು ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ರಾಜ್ಯದಲ್ಲಿ ನರರೋಗ ಚಿಕಿತ್ಸೆಯ ಸೌಲಭ್ಯವಿರುವ ಸಂಸ್ಥೆಗಳು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮಗಳಲ್ಲಿ 45 ವರ್ಷ ದಾಟಿದವರ ಮಿದುಳಿನ ಆರೋಗ್ಯವನ್ನು ದೀರ್ಘಕಾಲ ಗಮನಿಸುವ ಅಧ್ಯಯನ ನಡೆಸುತ್ತಿದೆ.