ಫಿರಂಗಿ ಕರಗಿಸಿ ನೇಗಿಲು ಮಾಡಿದ ಮೇಷ್ಟ್ರು

ಅಕ್ಕಲಕೋಟೆ ಅರಮನೆಯ ಶಸ್ತ್ರಾಗಾರವನ್ನು ಕಂಡ ಮಕ್ಕಳು, ಬಂದೂಕುಗಳನ್ನು ಯಾರು ಮಾಡುತ್ತಿದ್ದರೆಂದು ಕೇಳುವುದುಂಟು. ಆಗ ನಾನು ಅಮೆರಿಕದ ರೆಮಿಂಗ್ಟನ್ ಕಂಪನಿಯ ಕಥೆ ಹೇಳುತ್ತೇನೆ. ಎಲಿಫಲೆಟ್ ರೆಮಿಂಗ್ಟನ್ 1816ರಲ್ಲಿ ತಂದೆಯ ಕುಲುಮೆಯಲ್ಲಿ ಬಂದೂಕಿನ ಕೆಲಸ ಆರಂಭಿಸಿದನು. ಅಲ್ಲಿನ ಅಂತರ್ಯುದ್ಧ ಮುಗಿದು ಬೇಡಿಕೆ ಕುಸಿದಾಗ ಆ ಕಂಪನಿಯು ಕೃಷಿ ಸಲಕರಣೆ, ಹೊಲಿಗೆ ಯಂತ್ರ, ಟೈಪ್‌ರೈಟರುಗಳತ್ತ ತಿರುಗಿತು. ನಮ್ಮ ಸೀಮೆಯವರೊಬ್ಬರಂತೂ ಫಿರಂಗಿಯನ್ನೇ ಕರಗಿಸಿ ನೇಗಿಲು ಮಾಡಿದರು.

ಅವರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಜನನ 1869ರ ಜೂನ್ 20, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಬಣ್ಣಗಳ ಭೇದ ಕಣ್ಣಿಗೆ ಸರಿಯಾಗಿ ತಿಳಿಯದು ಎಂದಾದ ಮೇಲೆ ಯಂತ್ರಗಳ ರೇಖಾಚಿತ್ರ ಕಲಿತು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ತಮಗೆ ಸಲ್ಲಬೇಕಾದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾದಾಗ ರಾಜೀನಾಮೆ ಕೊಟ್ಟು ಬೆಳಗಾವಿಗೆ ಮರಳಿದರು. ಅಲ್ಲಿ 1888ರಲ್ಲೇ ಅಣ್ಣನೊಡನೆ ಆರಂಭಿಸಿದ್ದ ಸೈಕಲ್ ಅಂಗಡಿಯಿತ್ತು.

ಮೊದಲು ಮೇವು ಕತ್ತರಿಸುವ ಯಂತ್ರ, ನಂತರ 1903ರಲ್ಲಿ ಕಬ್ಬಿಣದ ನೇಗಿಲು. ಕಬ್ಬಿಣ ತಾಕಿದರೆ ಮಣ್ಣಿಗೆ ವಿಷವೇರುವುದೆಂದು ರೈತರು ಅಂಜಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು! (ಎರೆಹೊಲದಲ್ಲಿ ರಂಟೆ ಹೊಡೆದು ಬಲ್ಲ ನಮ್ಮ ಹಿರಿಯರು ಈ ಅಂಜಿಕೆಗೆ ನಗಲಾರರು, ಹೊಲ ಕೆಟ್ಟರೆ ಬದುಕೇ ಕೆಟ್ಟಂತೆ.) ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧದ ಅರಸರು ಕುಂಡಲ ರೋಡ್ ನಿಲ್ದಾಣದ ಬಳಿ 32 ಎಕರೆ ಬರಡು ಭೂಮಿಯನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಸುಕಳ್ಳಿ ಕಡಿದು 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅಸ್ಪೃಶ್ಯತೆಗೆ ಅಲ್ಲಿ ಎಡೆಯಿರಲಿಲ್ಲ; ಜೈಲಿನಿಂದ ಬಿಡುಗಡೆಯಾದವರು ರಾತ್ರಿ ಕಾವಲಿಗಿದ್ದರು.

ಮೊದಲ ಮಹಾಯುದ್ಧದಲ್ಲಿ ವಿದೇಶದ ಕಬ್ಬಿಣ ಬರುವುದು ನಿಂತಿತು, ಕೋಕ್ ಕಲ್ಲಿದ್ದಲೂ ಸಿಗಲಿಲ್ಲ. ಲಕ್ಷ್ಮಣರಾಯರು ಇದ್ದಿಲಿನಿಂದ ಕುಲುಮೆ ಹೊತ್ತಿಸಲು ಯತ್ನಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು ಕೋಟೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ಫಿರಂಗಿಗಳನ್ನು ಕೊಟ್ಟರು. ಅವು ಕರಗಿ ನೇಗಿಲುಗಳಾದವು. ಯುರೋಪಿನಲ್ಲಿ ಕಬ್ಬಿಣವೆಲ್ಲ ಫಿರಂಗಿಯಾಗುತ್ತಿದ್ದ ವರ್ಷಗಳವು.

ಅವರು ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು. ಐದು ವಾರಗಳಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಯಿತು. ಅವರು ಹುಟ್ಟಿದ ಗುರ್ಲಹೊಸೂರು ಮೈಸೂರು ರಾಜ್ಯಕ್ಕೆ ಸೇರಿತು. ಅವರು ಕಟ್ಟಿದ ಕಿರ್ಲೋಸ್ಕರವಾಡಿಯು ನಮ್ಮ ಸೊಲ್ಲಾಪುರ, ಅಕ್ಕಲಕೋಟೆಗಳಂತೆ ಮುಂಬಯಿ ರಾಜ್ಯದಲ್ಲೇ ಉಳಿಯಿತು.