ಬರಿಗಾಲಿನ ನಾಯಕ, ಕೊಹಿಮಾದ ಡಾಕ್ಟರ್

ನಾನು ನಮ್ಮ ಕಾಲೇಜು ಫುಟ್‌ಬಾಲ್ ತಂಡದಲ್ಲಿ ಸ್ಟಾಪರ್. ಗೋಲ್ ಕೀಪರ್ ಮುಂದೆ ನಿಂತು, ಬಂದವರನ್ನು ತಡೆಯುವುದು ನನ್ನ ಕೆಲಸ. ನಮ್ಮ ಔರಾದ ಕಡೆ ಕ್ರಿಕೆಟ್ ಹುಚ್ಚು ಜಾಸ್ತಿ, ಫುಟ್‌ಬಾಲ್ ಆಡುವವರು ಕಡಿಮೆ. ಅದರಲ್ಲೂ ಗೋಲ್ ಹೊಡೆದವನ ಹೆಸರು ಎಲ್ಲರಿಗೂ ನೆನಪಿರುತ್ತದೆ, ತಡೆದವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಬೇಸರವಾದದ್ದು ಬೇರೆ ಕಾರಣಕ್ಕೆ. ಈ ವರ್ಷ ನಾನು ದ್ವಿತೀಯ ಪಿಯುಸಿ ವಿಜ್ಞಾನ. ಕಾಲೇಜು ಶುರುವಾದ ವಾರವೇ ಅಬ್ಬಾ ನನ್ನ ಬೂಟುಗಳನ್ನು ಕಪಾಟಿನ ಮೇಲೆ ಎತ್ತಿಟ್ಟು, ನೀಟ್ ಪರೀಕ್ಷೆ ಮುಗಿಯುವವರೆಗೆ ಮುಟ್ಟಬಾರದೆಂದು ಹೇಳಿಬಿಟ್ಟರು.

ಆಗಸ್ಟ್ 15ರಂದು ಕಾಲೇಜಿನಲ್ಲಿ ನಡೆದ ಕ್ವಿಜ್‌ನಲ್ಲಿ ಒಂದು ಪ್ರಶ್ನೆ ಬಂತು. ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ನಾಯಕ ಯಾರು ಎಂಬುದು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಫುಟ್‌ಬಾಲ್ ಆಡುವ ನನಗೂ ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಉತ್ತರ ಡಾ. ತಾಲಿಮೆರೆನ್ ಆವ್. ಹೆಸರಿನ ಮುಂದೆ ಇದ್ದ ಡಾಕ್ಟರ್ ಎಂಬ ಪದ ನನ್ನ ಕಿವಿ ಚುರುಕಾಗಿಸಿತು. ಫುಟ್‌ಬಾಲ್ ನಾಯಕ ಮತ್ತು ಡಾಕ್ಟರ್, ಎರಡೂ ಒಬ್ಬರೇ ಹೇಗಾದರು ಎಂದು ಹುಡುಕಿ ಓದಿದೆ. ಓದಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ತಾಲಿಮೆರೆನ್ ಆವ್ ಹುಟ್ಟಿದ್ದು 1918ರ ಜನವರಿ 28ರಂದು, ನಾಗಾ ಬೆಟ್ಟಗಳ ಚಾಂಗ್ಕಿ ಎಂಬ ಹಳ್ಳಿಯಲ್ಲಿ. ಆವ್ ಎನ್ನುವುದು ಅವರ ನಾಗಾ ಬುಡಕಟ್ಟಿನ ಹೆಸರು. ಜನ ಅವರನ್ನು ಟಿ. ಆವ್ ಎಂದೇ ಕರೆದರು. ತಂದೆ ಚರ್ಚಿನ ಪಾದ್ರಿ. ಮನೆ ತುಂಬ ಮಕ್ಕಳು, ಒಟ್ಟು ಹನ್ನೆರಡು ಮಂದಿ. ಕುಟುಂಬ ಮುಂದೆ ಇಂಪುರ್ ಎಂಬ ಮಿಷನ್ ಊರಿಗೆ ಬಂತು. ಹುಡುಗ ಅಲ್ಲಿ ಹಳೆ ಬಟ್ಟೆ ಸುತ್ತಿ ಮಾಡಿದ ಚೆಂಡು ಒದೆಯುತ್ತಾ ಆಟ ಕಲಿತ. ಬಟ್ಟೆಯ ಚೆಂಡು ಪುಟಿಯುವುದಿಲ್ಲ, ತಾನಾಗಿ ಓಡುವುದೂ ಇಲ್ಲ. ಅದನ್ನು ಕಾಲಲ್ಲೇ ಹಿಡಿದುಕೊಂಡು ಸಾಗಬೇಕು. ಚಿಕ್ಕಂದಿನಲ್ಲಿ ನಮ್ಮ ಗಲ್ಲಿಯಲ್ಲೂ ಅಂಥ ಚೆಂಡಿನಲ್ಲಿ ಆಡಿದ್ದೇವೆ, ಅದರ ಕಷ್ಟ ನನಗೆ ಗೊತ್ತು.

1935ರಲ್ಲಿ ತಂದೆ ಟೈಫಾಯಿಡ್ ಜ್ವರದಿಂದ ತೀರಿಕೊಂಡರು. ಆಗ ಟಿ. ಆವ್ ಅವರಿಗೆ ಹದಿನೇಳು ವರ್ಷ, ಅಂದರೆ ಈಗ ನಮಗಿರುವ ವಯಸ್ಸು. ಟೈಫಾಯಿಡ್‌ಗೆ ಇಂದು ಮಾತ್ರೆ, ಇಂಜೆಕ್ಷನ್ ಇವೆ. ಆಗ ಆಂಟಿಬಯೋಟಿಕ್ ಔಷಧಿಗಳೇ ಇರಲಿಲ್ಲ. ಆ ಬೆಟ್ಟಗಳಲ್ಲಿ ಡಾಕ್ಟರುಗಳೂ ವಿರಳ. ಮಗ ಡಾಕ್ಟರಾಗಿ ತಮ್ಮ ಜನರ ಸೇವೆ ಮಾಡಬೇಕೆಂಬುದು ತಂದೆಯ ಆಸೆಯಾಗಿತ್ತು. ಮಗ ಆ ಮಾತನ್ನು ಮನಸ್ಸಿನಲ್ಲಿ ಕಟ್ಟಿಕೊಂಡರು. ಅವರ ಮುಂದಿನ ಬದುಕೆಲ್ಲ ಆ ಒಂದು ಮಾತಿನ ಸುತ್ತಲೇ ನಡೆಯಿತು.

ಜೋರ್ಹಾಟ್‌ನಲ್ಲಿ ಶಾಲೆ ಮುಗಿಸಿ, ಗುವಾಹಟಿಯ ಕಾಟನ್ ಕಾಲೇಜಿಗೆ ಸೇರಿದರು. ಓದಿನ ಜೊತೆಗೆ ಆಟದಲ್ಲೂ ಹೆಸರು ಮಾಡಿದರು. ಅಲ್ಲಿ ಶರತ್ ದಾಸ್ ಎಂಬ ಅಸ್ಸಾಮಿನ ಆಟಗಾರ ಗೆಳೆಯರಾದರು. ಇಬ್ಬರೂ ಗುವಾಹಟಿಯ ಮಹಾರಾಣಾ ಕ್ಲಬ್ಬಿಗೆ ಆಡಿದರು. ಆಗ ಟಿ. ಆವ್ ಮುಂದಿನ ಸಾಲಿನಲ್ಲಿದ್ದರು, ಗೋಲ್ ಹೊಡೆಯುವುದು ಅವರ ಕೆಲಸವಾಗಿತ್ತು.

ಎಂಬಿಬಿಎಸ್ ಓದಲು ಆಗ ಅಸ್ಸಾಮಿನಲ್ಲಿ ಕಾಲೇಜು ಇರಲಿಲ್ಲ. ದಿಬ್ರೂಗಢದಲ್ಲಿ ಮೆಡಿಕಲ್ ಕಾಲೇಜು ಶುರುವಾದದ್ದು 1947ರಲ್ಲಿ. ಹೀಗಾಗಿ 1942ರಲ್ಲಿ ಅವರು ಕಲ್ಕತ್ತಾದ ಕಾರ್‌ಮೈಕೇಲ್ ಮೆಡಿಕಲ್ ಕಾಲೇಜಿಗೆ ಬಂದರು. ಇಂದು ಆರ್.ಜಿ. ಕರ್ ಮೆಡಿಕಲ್ ಕಾಲೇಜು ಎಂದು ಕರೆಯುವುದು ಅದನ್ನೇ. ಮರುವರ್ಷ, 1943ರಲ್ಲಿ, ಮೋಹನ್ ಬಗಾನ್ ಕ್ಲಬ್ ಅವರನ್ನು ತನ್ನ ತಂಡಕ್ಕೆ ಸೇರಿಸಿಕೊಂಡಿತು.

ಮೋಹನ್ ಬಗಾನ್ ಸಾಮಾನ್ಯ ಕ್ಲಬ್ ಅಲ್ಲ. 1889ರಲ್ಲಿ ಹುಟ್ಟಿದ್ದು. 1911ರಲ್ಲಿ ಬ್ರಿಟಿಷ್ ಸೈನಿಕರ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ ತಂಡವನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದು ಇಡೀ ದೇಶವನ್ನು ಕುಣಿಸಿತ್ತು. ಅಂಥ ಕ್ಲಬ್ಬಿಗೆ ದೂರದ ಬೆಟ್ಟದಿಂದ ಬಂದ ಒಬ್ಬ ಮೆಡಿಕಲ್ ವಿದ್ಯಾರ್ಥಿ ಬಂದು ಸೇರಿದರು. ಕ್ಲಬ್ ಅವರನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ತಂದು ರಕ್ಷಣೆಯ ಕೆಲಸ ಕೊಟ್ಟಿತು.

ಇಲ್ಲಿ ಸ್ವಲ್ಪ ಆಟದ ಲೆಕ್ಕ ಹೇಳಬೇಕು. ಆ ಕಾಲದಲ್ಲಿ ನಮ್ಮ ದೇಶದ ತಂಡಗಳು ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರನ್ನು ನಿಲ್ಲಿಸುತ್ತಿದ್ದವು. ನಡುವಿನ ಮೂವರಲ್ಲಿ ಮಧ್ಯದವರು ಸೆಂಟರ್ ಹಾಫ್. ಎದುರಾಳಿ ದಾಳಿ ಬಂದರೆ ಅವರು ಹಿಂದೆ ಬಂದು ತಡೆಯಬೇಕು. ಚೆಂಡು ಸಿಕ್ಕ ಕೂಡಲೇ ಮುಂದಿನ ಐವರಲ್ಲಿ ಯಾರಿಗೆ ಕೊಡಬೇಕೆಂದು ನಿರ್ಧರಿಸಬೇಕು. ಇಡೀ ಮೈದಾನ ಅವರ ಕಣ್ಣ ಮುಂದೆ ಇರುತ್ತದೆ, ಆದ್ದರಿಂದ ನಾಯಕನಾಗಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸ್ವಲ್ಪ ಕಾಲದಲ್ಲೇ ಟಿ. ಆವ್ ಮೋಹನ್ ಬಗಾನ್ ನಾಯಕರಾದರು. ಮುಂದೆ 1951ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಚಿನ್ನ ಗೆದ್ದ ತಂಡದ ನಾಯಕ ಶೈಲೇನ್ ಮನ್ನಾ ಆಗ ಅವರ ಜೊತೆ ರಕ್ಷಣೆಯಲ್ಲಿ ಆಡುತ್ತಿದ್ದರು.

ಅವರು ಓದಿ ಆಡಿದ ಕಾಲ ಎಂಥದ್ದು ಎಂಬುದನ್ನೂ ನೋಡಬೇಕು. 1943ರಲ್ಲಿ ಬಂಗಾಳದಲ್ಲಿ ಘೋರ ಬರಗಾಲ. ಹಸಿದ ಜನ ಹಳ್ಳಿಗಳಿಂದ ಬಂದು ಕಲ್ಕತ್ತಾದ ಬೀದಿಗಳಲ್ಲಿ ಸತ್ತರು. 1944ರಲ್ಲಿ ಜಪಾನ್ ಸೈನ್ಯ ಕೊಹಿಮಾದವರೆಗೆ ಬಂತು. ನಾಗಾ ಬೆಟ್ಟಗಳೇ ಯುದ್ಧದ ಮೈದಾನವಾದವು. 1946ರ ಆಗಸ್ಟ್‌ನಲ್ಲಿ ಕಲ್ಕತ್ತಾದಲ್ಲಿ ದೊಡ್ಡ ಗಲಭೆ. ಒಬ್ಬ ವಿದ್ಯಾರ್ಥಿ ಇಷ್ಟೆಲ್ಲದರ ನಡುವೆ ಬೆಳಿಗ್ಗೆ ಕಾಲೇಜು, ಆಸ್ಪತ್ರೆ ಎಂದು ಓಡಾಡುತ್ತಾ ಮೈದಾನಕ್ಕೂ ಹೋಗುತ್ತಿದ್ದರು. ಅವರು ಇದ್ದ ಅವಧಿಯಲ್ಲಿ ಮೋಹನ್ ಬಗಾನ್ 1943 ಮತ್ತು 1944ರಲ್ಲಿ ಕಲ್ಕತ್ತಾ ಲೀಗ್ ಗೆದ್ದಿತು. 1947ರಲ್ಲಿ ಐಎಫ್‌ಎ ಶೀಲ್ಡ್ ಮತ್ತೆ ಕ್ಲಬ್ಬಿಗೆ ಬಂತು. 1911ರ ನಂತರ ಅದಕ್ಕಾಗಿ 36 ವರ್ಷ ಕಾದಿದ್ದರು. 1948ರಲ್ಲೂ ಶೀಲ್ಡ್ ಅವರದ್ದೇ ಆಯಿತು.

ಇಷ್ಟು ಆಡಿದರೂ ಆಗ ಫುಟ್‌ಬಾಲ್ ಹೊಟ್ಟೆ ತುಂಬಿಸುತ್ತಿರಲಿಲ್ಲ. ಭಾರತದ ಆಟಗಾರರು ಅಮೆಚೂರ್ ಎನಿಸಿಕೊಂಡಿದ್ದರು. ಅವರಲ್ಲಿ ಹೆಚ್ಚಿನವರು ರೈಲ್ವೆ, ಪೊಲೀಸ್ ಅಥವಾ ಬೇರೆ ಕಚೇರಿಗಳಲ್ಲಿ ಕೆಲಸ ಮಾಡುತ್ತಾ ಆಡುತ್ತಿದ್ದರು. ಆಟ ಬಿಟ್ಟ ಮೇಲೆ ಆ ಕೆಲಸವೇ ಗತಿ.

1948ರ ಲಂಡನ್ ಒಲಿಂಪಿಕ್ಸ್‌ಗೆ ಸ್ವತಂತ್ರ ಭಾರತದ ತಂಡ ಮೊದಲ ಬಾರಿಗೆ ಹೊರಟಿತು. ಫುಟ್‌ಬಾಲ್ ತಂಡದ ನಾಯಕತ್ವ ಟಿ. ಆವ್ ಅವರಿಗೆ ಬಂತು. ಇನ್ನೂ ದೊಡ್ಡ ಗೌರವ ಎಂದರೆ, ಜುಲೈ 29ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಉದ್ಘಾಟನೆಯಲ್ಲಿ ಭಾರತದ ಧ್ವಜ ಹಿಡಿದು ಮುಂದೆ ನಡೆದದ್ದೂ ಅವರೇ. ಒಂದು ವರ್ಷದ ಹಿಂದೆ ಅದೇ ಲಂಡನ್ನಿನಿಂದ ನಮ್ಮನ್ನು ಆಳುತ್ತಿದ್ದರು.

ಜುಲೈ 31ರಂದು ಇಲ್ಫರ್ಡ್ ಎಂಬಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ ನಡೆಯಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಕೆಲವರು ಪಾದಕ್ಕೆ ಪಟ್ಟಿ ಸುತ್ತಿಕೊಂಡಿದ್ದರು. ಫ್ರಾನ್ಸ್ ಮೊದಲು ಗೋಲ್ ಹೊಡೆಯಿತು. ಎರಡನೇ ಅರ್ಧದಲ್ಲಿ ಸಾರಂಗಪಾಣಿ ರಾಮನ್ ಅದನ್ನು ಸಮ ಮಾಡಿದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲ್ ಅದು. ರಾಮನ್ ಮೈಸೂರು ರಾಜ್ಯದ ಪರ ಆಡಿದವರು ಎಂಬುದು ನಮಗೆ ಹೆಮ್ಮೆ. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಅದೇ ತಂಡದಲ್ಲಿ ಬರಿಗಾಲಿನಲ್ಲಿ ಆಡಿದರು. ನಮಗೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. ಪಂದ್ಯ ಮುಗಿಯಲು ಕೆಲವೇ ಕ್ಷಣ ಇರುವಾಗ ಫ್ರಾನ್ಸ್ ಇನ್ನೊಂದು ಗೋಲ್ ಹೊಡೆದು 2-1ರಿಂದ ಗೆದ್ದಿತು. ಸೋತರೂ ಅಲ್ಲಿನ ಜನ ನಮ್ಮ ತಂಡಕ್ಕೆ ಚಪ್ಪಾಳೆ ತಟ್ಟಿದರು. ಬೂಟು ಯಾಕೆ ಹಾಕುವುದಿಲ್ಲ ಎಂದು ಕೇಳಿದವರಿಗೆ, ನಾವು ಆಡುವುದು ಕಾಲಿನ ಆಟ, ನೀವು ಆಡುವುದು ಬೂಟಿನ ಆಟ ಎಂಬ ಅರ್ಥದಲ್ಲಿ ಟಿ. ಆವ್ ನಗುತ್ತಾ ಉತ್ತರಿಸಿದರೆಂದು ಇಂದಿಗೂ ಹೇಳುತ್ತಾರೆ.

ಇದನ್ನು ಓದುವಾಗ ನನಗೆ ಒಂದು ವಿಷಯ ಹೊಳೆಯಿತು. ಆ ಜುಲೈ 31ರಂದು ನಮ್ಮ ಔರಾದ, ಭಾಲ್ಕಿ, ಬೀದರ್ ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಭಾರತಕ್ಕೆ ಸೇರಿದ್ದು ಆ ಸೆಪ್ಟೆಂಬರ್‌ನಲ್ಲಿ, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ನಾಗಾ ಬೆಟ್ಟದ ಕ್ರೈಸ್ತ ನಾಯಕ, ಬೆಂಗಳೂರಿನ ಮುಸ್ಲಿಂ ಆಟಗಾರ, ಕಲ್ಕತ್ತಾದ ಬಂಗಾಳಿಗಳು ಒಂದೇ ಅಂಗಿ ತೊಟ್ಟು ದೇಶದ ಹೆಸರಿನಲ್ಲಿ ನಿಂತಿದ್ದರು. ದೇಶ ಇನ್ನೂ ಜೋಡಣೆಯಾಗುತ್ತಿತ್ತು, ತಂಡ ಮೊದಲೇ ಜೋಡಣೆಯಾಗಿತ್ತು.

ಇನ್ನು ನಾನು ಮತ್ತೆ ಮತ್ತೆ ಓದಿದ ಭಾಗ. ಟಿ. ಆವ್ ಅವರ ಆಟ ನೋಡಿ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಒಂದು ವರ್ಷದ ಒಪ್ಪಂದಕ್ಕೆ ಕರೆಯಿತು ಎಂದು ಅವರ ಬದುಕಿನ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಆರ್ಸೆನಲ್ ಆಗಲೂ ದೊಡ್ಡ ಕ್ಲಬ್ಬೇ. ನಮ್ಮ ತಂಡದಲ್ಲಿ ಅರ್ಧ ಹುಡುಗರು ಅದರ ಹೆಸರಿನ ಟೀ ಶರ್ಟ್ ಹಾಕುತ್ತಾರೆ. ಅವರು ಹೋಗಲಿಲ್ಲ. ಎಂಬಿಬಿಎಸ್ ಇನ್ನೂ ಮುಗಿದಿರಲಿಲ್ಲ, ತಂದೆಗೆ ಕೊಟ್ಟ ಮಾತು ಬಾಕಿ ಇತ್ತು. ಕಲ್ಕತ್ತಾಕ್ಕೆ ಮರಳಿ ಓದು ಮುಂದುವರಿಸಿದರು. 1950ರಲ್ಲಿ ಡಾಕ್ಟರಾದರು.

ಕಲ್ಕತ್ತಾದಲ್ಲಿ ಅವರಿಗೆ ಹೆಸರಿತ್ತು. ಅಲ್ಲೇ ಉಳಿದಿದ್ದರೆ ಆಟವೂ ಇರುತ್ತಿತ್ತು, ಪ್ರಾಕ್ಟೀಸೂ ಸಿಗುತ್ತಿತ್ತು. ಅವರು ಮೊದಲು ಅಸ್ಸಾಮಿಗೆ, 1953ರಲ್ಲಿ ಕೊಹಿಮಾದ ಸರ್ಕಾರಿ ಆಸ್ಪತ್ರೆಗೆ ಹೋದರು. ರಸ್ತೆಗಳು ಕಡಿಮೆ, ಡಾಕ್ಟರುಗಳು ಕಡಿಮೆ, ಮುಂದೆ ಬಂಡಾಯ ಮತ್ತು ಗುಂಡಿನ ಸದ್ದಿನ ವರ್ಷಗಳು ಬೇರೆ. ಅವರು ಅಲ್ಲೇ ಉಳಿದರು. 1963ರ ಡಿಸೆಂಬರ್ 1ರಂದು ನಾಗಾಲ್ಯಾಂಡ್ ರಾಜ್ಯವಾಯಿತು. ಹೊಸ ರಾಜ್ಯದ ಆರೋಗ್ಯ ಇಲಾಖೆಯ ನಿರ್ದೇಶಕರಾದರು. 1978ರಲ್ಲಿ ನಿವೃತ್ತರಾಗಿ, 1998ರ ಸೆಪ್ಟೆಂಬರ್ 13ರಂದು ತೀರಿಕೊಂಡರು. ಈಶಾನ್ಯ ರಾಜ್ಯಗಳಲ್ಲಿ ಅವರ ಹೆಸರಿನ ಫುಟ್‌ಬಾಲ್ ಟೂರ್ನಿ ನಡೆದಿದೆ. ಆದರೆ ನಮ್ಮ ಕಡೆ ಅವರ ಹೆಸರು ಕೇಳಿದವರು ಇಲ್ಲವೆಂದೇ ಹೇಳಬೇಕು. ತಡೆದವನ ಹೆಸರು ನೆನಪಿರುವುದಿಲ್ಲ ಎಂದು ಮೊದಲೇ ಹೇಳಿದೆನಲ್ಲ.

ನಾನಾಗಿದ್ದರೆ ಆರ್ಸೆನಲ್ ಬೇಡ ಎನ್ನುತ್ತಿದ್ದೆನೇ? ಪ್ರಾಮಾಣಿಕವಾಗಿ ಹೇಳುತ್ತೇನೆ, ನನಗೆ ಗೊತ್ತಿಲ್ಲ. ಮಾರನೇ ದಿನವೇ ವಿಮಾನ ಹತ್ತುತ್ತಿದ್ದೆನೇನೋ. ಆದರೆ ಒಂದು ಮಾತು ಅರ್ಥವಾಯಿತು. ಅವರು ಆಟವನ್ನು ಓದಿಗಾಗಿ ಬಿಡಲಿಲ್ಲ, ಓದನ್ನು ಆಟಕ್ಕಾಗಿಯೂ ಬಿಡಲಿಲ್ಲ. ಮೆಡಿಕಲ್ ಓದುತ್ತಲೇ ದೇಶದ ನಾಯಕರಾದರು. ಎರಡರಲ್ಲಿ ಒಂದನ್ನೇ ಆರಿಸಬೇಕಾದ ದಿನ ಬಂದಾಗ ಮಾತ್ರ ಯಾವುದು ಮೊದಲು ಎಂಬುದು ಅವರಿಗೆ ತಿಳಿದಿತ್ತು. ಆ ದಿನ ಬರುವ ಮೊದಲೇ ಹೆದರಿ ಚೆಂಡು ಬಿಡಲಿಲ್ಲ.

ಒಂದು ಸಂಜೆ ಈ ಕತೆಯನ್ನು ಅಬ್ಬಾಗೆ ಹೇಳಿದೆ. ಅವರು ಪೂರ್ತಿ ಕೇಳಿದರು. ಆರ್ಸೆನಲ್ ವಿಷಯಕ್ಕಿಂತ ಅವರ ಮನಸ್ಸು ಮುಟ್ಟಿದ್ದು ಕೊಹಿಮಾಕ್ಕೆ ವಾಪಸ್ ಹೋದ ವಿಷಯ. ನಮ್ಮ ತಾಲ್ಲೂಕಿನಿಂದ ಓದಿ ಡಾಕ್ಟರಾದವರಲ್ಲಿ ಎಷ್ಟು ಜನ ಇಲ್ಲಿಗೆ ಮರಳಿದ್ದಾರೆ ಎಂದು ಅವರು ನನ್ನನ್ನೇ ಕೇಳಿದರು. ಲೆಕ್ಕ ಹಾಕಲು ಬೆರಳುಗಳೇ ಹೆಚ್ಚಾದವು. ಈಗ ನಮ್ಮ ಬೀದರ್‌ನಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, 371(ಜೆ) ಅಡಿ ನಮ್ಮ ಭಾಗದ ಮಕ್ಕಳಿಗೆ ಸೀಟುಗಳ ಮೀಸಲಾತಿ ಇದೆ. ಟಿ. ಆವ್ ಅವರಿಗೆ ಇದ್ಯಾವುದೂ ಇರಲಿಲ್ಲ. ಸೀಟು ನಮ್ಮ ಊರಿನ ಹೆಸರಿನಲ್ಲಿ ಸಿಕ್ಕರೆ, ಸಿಕ್ಕ ಮೇಲೆ ನಮ್ಮ ಊರಿಗೆ ನಮ್ಮ ಬಾಕಿಯೂ ಇರುತ್ತದಲ್ಲವೇ?

ಮರುದಿನ ಅಬ್ಬಾ ಏನೂ ಹೇಳದೆ ಬೂಟು ಕೆಳಗಿಳಿಸಿಟ್ಟರು. ಅಸರ್ ನಮಾಜಿನ ನಂತರ ಮಗ್ರಿಬ್ ಅಜಾನ್‌ವರೆಗೆ, ಅದೂ ವಾರಕ್ಕೆ ಎರಡೇ ದಿನ ಎಂಬ ಷರತ್ತು ಹಾಕಿದ್ದಾರೆ. ಬಯಾಲಜಿ ಟೆಸ್ಟ್‌ನಲ್ಲಿ ಅಂಕ ಇಳಿದರೆ ಬೂಟು ಮತ್ತೆ ಕಪಾಟಿನ ಮೇಲೆ. ನಾನು ಒಪ್ಪಿದ್ದೇನೆ. ಅಬ್ಬಾಗೆ ನಾನೂ ಒಂದು ಮಾತು ಕೊಟ್ಟಿದ್ದೇನೆ. ಅದು ಏನೆಂದು ಇಲ್ಲಿ ಬರೆಯುವುದಿಲ್ಲ. ಉಳಿಸಿಕೊಂಡ ಮೇಲೆ ಬರೆಯುತ್ತೇನೆ, ಇನ್ಶಾ ಅಲ್ಲಾಹ್.

ಮುಂದಿನ ಕ್ವಿಜ್‌ನಲ್ಲಿ ಆ ಪ್ರಶ್ನೆ ಮತ್ತೆ ಬಂದರೆ, ಗೆಳೆಯರೇ, ನಮ್ಮ ಕಾಲೇಜಿನ ಎಲ್ಲ ಕೈಗಳೂ ಮೇಲೇಳಲಿ.